ಅಟ್ಟ ಸೇರಿದ ಹನ್ನೆರಡು ಪದಗಳು

"ನಿಲ್ಸ್ರಲಾ!" ಎಂದು ಮರುಳಸಿದ್ದಯ್ಯ ಕೂಗಿದ ಅಬ್ಬರಕ್ಕೆ ಬಿಳಿಗೆರೆಯ ತೋಟದ ಕಾಗೆಗಳೆಲ್ಲ ಹಾರಿ ತಿಪಟೂರು ದಾಟಿದವು. ಅಂಗಳದಲ್ಲಿ ಕೊಬ್ಬರಿ ಸುಲಿಯುತ್ತಿದ್ದ ಕೂಲಿಯಾಳು ಕಲ್ಲೇಶ್ ಮಾತ್ರ ತಲೆಯೆತ್ತಲಿಲ್ಲ. ವರ್ಷವಿಡೀ ಅಟ್ಟದಲ್ಲಿ ಒಣಗಿದ್ದ ಕಾಯಿಗಳೆಲ್ಲ ಕೆಳಗಿಳಿದಿದ್ದವು. ಅದುವರೆಗೆ ಸುಲಿದ ಸಿಪ್ಪೆಯೆಲ್ಲ ಆಗಲೇ ಟ್ರ್ಯಾಕ್ಟರ್ ಹತ್ತಿ ನಾರಿನ ಫ್ಯಾಕ್ಟರಿ ಸೇರಿತ್ತು.

ಮರುಳಸಿದ್ದಯ್ಯನ ಕ್ರಿಪ್ಟೊ ಹಣವೆಲ್ಲ ಇದ್ದದ್ದು ಫೋನಿನ ವ್ಯಾಲೆಟ್‌ನಲ್ಲಿ. ಫೋನು ನೀರಿಗೆ ಬಿದ್ದಿತ್ತು. ಹೊಸ ಫೋನಿನಲ್ಲಿ ಆ ವ್ಯಾಲೆಟ್ ತೆರೆಯಬೇಕಾದರೆ ಸರಿಯಾದ ಕ್ರಮದಲ್ಲಿ ಹನ್ನೆರಡು ಗುಟ್ಟಿನ ಪದಗಳು ಬೇಕು. ಅವು ಕಳೆದರೆ ಬ್ರಹ್ಮ ಬಂದರೂ ಬೀಗ ತೆಗೆಯಲಾರ. ಪದಗಳನ್ನು ಚೀಟಿಯಲ್ಲಿ ಬರೆದಿಡುವವರನ್ನೆಲ್ಲ ಕತ್ತೆಗಳೆಂದು ಬೈದು, ಈ ಮಹಾಜ್ಞಾನಿ ಒಂದೊಂದು ಕಾಯಿಯ ಸಿಪ್ಪೆಯ ಮೇಲೆ ಒಂದೊಂದು ಪದವನ್ನು ಅದರ ನಂಬರ್ ಸಮೇತ ಕೊರೆದು ಅಟ್ಟಕ್ಕೆ ಹಾಕಿದ್ದ. ಮೂರು ತಲೆಮಾರು ಕೊಬ್ಬರಿ ತಿಂದು ಬೆಳೆದ ಮನೆಯವನಿಗೆ, ಅಟ್ಟಕ್ಕೇರಿದ ಕಾಯಿ ಒಂದು ದಿನ ಇಳಿದೇ ಇಳಿಯುತ್ತದೆಂಬುದು ಹೊಳೆದಿರಲಿಲ್ಲ.

"ಲೇ ಕಲ್ಲ, ಪೆದ್ದ ಮುಂಡೇದೇ! ಸಿಪ್ಪೆ ಮೇಲೆ ಅಕ್ಸರ ಕಾಣ್ಲಿಲ್ವೇನ್ಲಾ?"

"ಕಂಡ್ವು ಕಣ್ರೀ. ಇಂಗ್ಲಿಷ್ನಾಗಿದ್ವು. ನೀವೇ ಬರ್ದಿದ್ದು ನಿಮ್ಗೇ ಗ್ಯಾನ ಇಲ್ವಾ?"

ಮರುಳಸಿದ್ದಯ್ಯ ಬಾವಿಯಷ್ಟಗಲ ಬಾಯಿ ತೆರೆದ. ಹನ್ನೆರಡರಲ್ಲಿ ಒಂದು ಪದವೂ ನೆನಪಿಗೆ ಬರಲಿಲ್ಲ.

"ನಾನ್ ಓದ್ಕೊಂಡೇ ಸುಲ್ದೆ," ಎಂದ ಕಲ್ಲೇಶ್, ಇನ್ನೊಂದು ಕಾಯಿಗೆ ಕೈ ಹಾಕುತ್ತ. "ಹನ್ನೆರಡೂ ನಂಬರ್ ಸಮೇತ ಬಾಯಲ್ಲೇ ಅವೆ. ಪೆದ್ದನ ಮಾತು ನಿಮಗ್ಯಾಕೆ, ಬುಡಿ."

ಇಡೀ ತಾಲ್ಲೂಕಿನಲ್ಲಿ ಯಾರಿಗೂ ಬಗ್ಗದಿದ್ದ ಸೊಂಟ ಮೆಲ್ಲಗೆ ಬಗ್ಗಿತು. ಮರುಳಸಿದ್ದಯ್ಯ ಕೂಲಿಯವನ ಎದುರು ಕುಕ್ಕರಗಾಲಲ್ಲಿ ಕೂತ.

"ಹಂಗನ್ಬ್ಯಾಡ್ರೀ, ಕಲ್ಲೇಶಣ್ಣ."