ನೀಲವ್ವನ ಕೈ

ಧಾರವಾಡದ ಆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕಗಳಂತೆ ಕೈಗಳನ್ನೂ ಎರವಲು ಕೊಡುತ್ತಿದ್ದರು. ಮೂವತ್ತು ವರ್ಷ ಅಲ್ಲೇ ಬೈಂಡಿಂಗ್ ಮಾಡಿದ ನೀಲವ್ವನ ಕೈಕಸುಬು ಈಗ ಇಪ್ಪತ್ತು ಜೊತೆ ಕೈಗವಸುಗಳಲ್ಲಿತ್ತು; ತೊಟ್ಟವರ ಕೈ ಅವಳ ಕೈಯಂತೆಯೇ ಆಡುತ್ತಿತ್ತು. ಕಾರ್ಯಾಗಾರದ ವಿದ್ಯಾರ್ಥಿಗಳು ಅವನ್ನು ತೊಟ್ಟು ಪುಸ್ತಕದ ಬೆನ್ನಿಗೆ ಅಂಟು ಹಚ್ಚಿದರು. ಮರುಕ್ಷಣವೇ ಎಲ್ಲರ ಬಲಗೈ ಸೊಂಟಕ್ಕೆ ಹೋಗಿ, ಪ್ಯಾಂಟಿಗೆ ಅಂಟು ಬಳಿದು ಬಂತು.

"ಸೆರಗಿಗೆ ಕೈ ಒರಸೋ ಚಟಾರೀ ಅದು," ಎಂದು ನೀಲವ್ವ ನಾಚಿದಳು.

"ಅಳಿಸಿಬಿಡೋಣ ಬಿಡ್ರಿ," ಎಂದ ಕಾರ್ಯಾಗಾರದ ಮೇಷ್ಟ್ರು ಕುಲಕರ್ಣಿ ಸರ್ ಮೊದಲು ತಮ್ಮ ಗವಸಿನಿಂದ ಆ ಚಟವನ್ನು ತೆಗೆದುಹಾಕಿ ಕೆಲಸಕ್ಕೆ ಕೂತರು. ಮೊದಲ ಪುಟದಲ್ಲೇ ಅವರ ಅಂಟಿನ ಹೆಬ್ಬೆಟ್ಟು ಮೂಡಿತು.

ನೀಲವ್ವ ತನ್ನ ಸೆರಗಿನ ತುದಿಯಿಂದ ಅದನ್ನು ಒರೆಸಿದಳು.

ಮರುವಾರ ಎಲ್ಲರೂ ಸೊಂಟಕ್ಕೆ ಹಳೇ ಸೀರೆಯ ತುಂಡು ಸಿಕ್ಕಿಸಿಕೊಂಡು ಬಂದರು. ಕುಲಕರ್ಣಿ ಸರ್ ಅವರದು ಜರಿಯಂಚಿನದು.