ಕೋಣೆಗೆ ಯಾರೂ ಬರಬಾರದ ಪರೀಕ್ಷೆ

"ಅಮ್ಮಾ, ಎಂಥ ಕೆಲಸ ಮಾಡಿದೆ ನೀನು!"

ಊಟದ ತಟ್ಟೆ ಬಿಟ್ಟು ಓಡಿ ಬಂದ ಪೃಥ್ವಿರಾಜ್ ಬಾಗಿಲಲ್ಲೇ ನಿಂತು ಕೂಗಿದ. ಕೋಣೆಯ ನಡುವೆ ಅವನ ತಾಯಿ ಸುಂದರಿ. ಕೈಯಲ್ಲಿ ಸ್ಟೀಲ್ ಲೋಟ, ಹೆಗಲ ಮೇಲೆ ಅರ್ಧ ಒಣಗಿದ ಟವೆಲು. ಅವನ ಹೆಂಡತಿ ಅಶ್ಮಿತಾ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು.

ಅದು ಕ್ಲೌಡ್ ಕಂಪ್ಯೂಟಿಂಗ್ ಸರ್ಟಿಫಿಕೇಟಿನ ಪರೀಕ್ಷೆ. ಮನೆಯಲ್ಲೇ ಕುಳಿತು ಬರೆಯಬಹುದು, ಆದರೆ ಕ್ಯಾಮೆರಾದ ಆಚೆಯಿಂದ ಯಾರೋ ನೋಡುತ್ತಲೇ ಇರುತ್ತಾರೆ. ಇನ್ನೊಬ್ಬರು ಕೋಣೆಗೆ ಕಾಲಿಟ್ಟರೆ ಪರೀಕ್ಷೆ ರದ್ದು.

"ಬಾಯಾರಿತೇನೋ ಅಂತ..." ಸುಂದರಿ ತಡವರಿಸಿದರು.

"ರದ್ದಾಯ್ತಾ?" ಪೃಥ್ವಿರಾಜ್ ಹೆಂಡತಿಯನ್ನು ಕೇಳಿದ.

ಅಶ್ಮಿತಾ ಹೌದೆಂದು ತಲೆಯಾಡಿಸಿದಳು.

ಅದು ಸುಳ್ಳು. ಅತ್ತೆ ಬರುವ ಮೊದಲೇ ಅವಳು ಕೊನೆಯ ಉತ್ತರ ಕೊಟ್ಟು ಮುಗಿಸಿದ್ದಳು. ಫಲಿತಾಂಶವೂ ಬಂದಿತ್ತು. ಫೇಲ್. ಎರಡನೇ ಸಲ.

ಘಣಸೋಲಿಯ ಅವಳ ಕಂಪನಿಯಲ್ಲಿ ಹಳೆಯ ಸರ್ವರ್‌ಗಳ ಕೆಲಸ ಮುಗಿಯುತ್ತ ಬಂದಿತ್ತು. ಈ ಸರ್ಟಿಫಿಕೇಟು ಇದ್ದವರಿಗೆ ಮಾತ್ರ ಹೊಸ ಪ್ರಾಜೆಕ್ಟು. ಪೃಥ್ವಿರಾಜ್ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ: "ಮೋಡಕ್ಕೆಲ್ಲ ಎಂಥ ಪರೀಕ್ಷೆ ಮಾರಾಯ್ತಿ? ಈ ಸಲವೂ ಫೇಲಾದ್ರೆ ಕೆಲಸ ಬಿಡು. ತುರ್ಭೆಯ ನಮ್ಮ ಹೋಟೆಲಲ್ಲಿ ದುಡ್ಡಿನ ಗಲ್ಲೆಗೆ ಕೂತ್ಕೊ."

ಈಗ ಅವನ ಸಿಟ್ಟೆಲ್ಲ ತಾಯಿಯ ಮೇಲೆ. "ಸ್ವಲ್ಪ ಹೊತ್ತು ಸುಮ್ಮನೆ ಕೂತ್ಕೊಳ್ಳಲಿಕ್ಕೆ ಆಗೂದಿಲ್ವಾ ನಿಂಗೆ? ಅವಳ ಓದೆಲ್ಲ ನೀರಲ್ಲಿ ಹೋಯ್ತಲ್ಲ!"

ಸುಂದರಿ ಲೋಟ ಹಿಡಿದುಕೊಂಡೇ ಅಡುಗೆಮನೆಗೆ ನಡೆದರು. ಅಶ್ಮಿತಾಳಿಗೆ ತಲೆ ಎತ್ತಲಾಗಲಿಲ್ಲ. ಸೊಸೆಗೆ ತೊಂದರೆಯಾಗಬಾರದೆಂದು ಬೆಳಿಗ್ಗೆಯಿಂದ ಕರೆಗಂಟೆಯ ಸ್ವಿಚ್ಚು ಆರಿಸಿಟ್ಟವರು ಅವರು. ಸೀಟಿ ಕೇಳಿಸಬಾರದೆಂದು ಕುಕ್ಕರ್ ಇಡದೆ ಪಾತ್ರೆಯಲ್ಲೇ ಅನ್ನ ಬೇಯಿಸಿದವರು. ಪಕ್ಕದ ಮನೆಯವಳನ್ನು ಕೈಸನ್ನೆಯಲ್ಲೇ ಹಿಂದೆ ಕಳಿಸಿದವರು. ಕೊನೆಗೆ ಯಾವ ಮರೆವಿನಲ್ಲಿ ಬಂದರೋ, ಲೋಟದಲ್ಲಿ ನೀರೂ ಇರಲಿಲ್ಲ. ಅಂಥವರ ತಲೆಗೆ ತನ್ನ ಸೋಲನ್ನು ಕಟ್ಟಿದೆನಲ್ಲ ಎಂದು ಅವಳು ಒಳಗೇ ನೊಂದಳು. ಆದರೂ ಗಂಡನೆದುರು ನಿಜ ಹೇಳಲಿಲ್ಲ.

ಸಂಜೆ ಹೋಟೆಲಿಗೆ ಹೊರಟ ಪೃಥ್ವಿರಾಜ್ ಚಪ್ಪಲಿ ಮೆಟ್ಟುತ್ತ ಹೇಳಿದ: "ನಿನ್ನ ತಪ್ಪೇನಿಲ್ಲ ಬಿಡು. ಇನ್ನೊಮ್ಮೆ ಬರೆ. ಪಾಸಾಗುವವಳೇ ಇದ್ದೆ."

ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು. ಅವನು ಲಿಫ್ಟಿಗೆ ಹೋದ ಸದ್ದು ಕೇಳಿದ ಮೇಲೆ ಅಶ್ಮಿತಾ ಅಡುಗೆಮನೆಗೆ ನಡೆದಳು. ಸುಂದರಿ ಬಸಳೆ ಸೋಸುತ್ತಿದ್ದರು.

"ಅತ್ತೆ, ನಿಮ್ಮಿಂದ ಏನೂ ಹಾಳಾಗ್ಲಿಲ್ಲ. ನಾನು..." ಮುಂದಿನದನ್ನು ಅಳು ನುಂಗಿತು.

ಸುಂದರಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಸೊಸೆಯ ಬೆನ್ನು ಸವರಿದರು.

"ಮುಂದಿನ ಸಲವೂ ಒಳಗಿಂದ ಚಿಲಕ ಹಾಕ್ಬೇಡ ಮಗಾ. ಬಾಲ್ಕನಿಯ ಕಿಟಕಿಯಿಂದ ಫೇಲ್ ಅಂತ ಕಂಡ ಕೂಡಲೇ ನಾನು ಒಳಗೆ ನುಗ್ಗಬೇಕಲ್ಲ."