ಒಂದು ಗೇಣು ಟೇಪು

ಪರದೆ ಏಳಲು ಹತ್ತು ನಿಮಿಷ ಇರುವಾಗ ಹಂಝ ವೇದಿಕೆಯ ಹಿಂದಕ್ಕೆ ಓಡಿಬಂದು, ಬೂಟಿನ ಲೇಸು ಕಟ್ಟುತ್ತಿದ್ದ ದೇಜಪ್ಪನ ಮುಂದೆ ಏದುಸಿರು ಬಿಡುತ್ತ ನಿಂತ.

“ದೇಜಪ್ಪಣ್ಣ, ಆ ದುಪ್ ಅಂತ ಕೂರುವ ಸ್ಟೆಪ್ಪು ಇಲ್ಲ.”

“ಎಲ್ಲಿ ಇಲ್ಲ?”

“ಎಲ್ಲಿಯೂ ಇಲ್ಲ. ಅಮೆರಿಕದಲ್ಲೇ ಇಲ್ಲ.”

ದೇಜಪ್ಪನಿಗೆ ನಲವತ್ತಾರು ವರ್ಷ. ಒಮಾನಿನ ಬುರೈಮಿಯ ಟಯರ್ ಗೋಡೌನಿನಲ್ಲಿ ಹನ್ನೊಂದು ವರ್ಷದಿಂದ ಸ್ಟೋರ್‌ಕೀಪರ್. ಟಯರಿನ ಲೆಕ್ಕ ಇಡುವವನಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ? ಇಂಥ ಮನುಷ್ಯ ಒಂದು ಶುಕ್ರವಾರ ಹಂಝನ ವಿಡಿಯೊ ಅಂಗಡಿಯಲ್ಲಿ ಆ ಅಮೆರಿಕದ ಕುಣಿತಗಾರನನ್ನು ಕಂಡುಬಿಟ್ಟ. ಮುಂದಕ್ಕೆ ನಡೆಯುವವನ ಹಾಗೆ ಕಾಣುತ್ತ ಹಿಂದಕ್ಕೆ ಜಾರುವ ಪುಣ್ಯಾತ್ಮ! ಆವತ್ತೇ ದೇಜಪ್ಪನ ತಲೆ ಕೆಟ್ಟಿತು. ಮೂರು ತಿಂಗಳು ಅಂಗಡಿಯಲ್ಲಿ ನೋಡಿದ, ಅಡುಗೆಮನೆಯಲ್ಲಿ ಕಾಲುಚೀಲ ಹಾಕಿಕೊಂಡು ಜಾರಿದ. ನಾಲ್ಕು ಸಲ ಜಾರಿ, ಕಣ್ಣು ಮಿಟುಕಿಸುವಷ್ಟರಲ್ಲಿ ದುಪ್ಪೆಂದು ನೆಲಕ್ಕೆ ಕೂರುವುದನ್ನೂ ಕ್ಯಾಸೆಟ್ಟಿನಲ್ಲಿ ಇದ್ದ ಹಾಗೆಯೇ ಕಲಿತ. ಸೊಂಟಕ್ಕೆ ಹಚ್ಚಿದ ಮುಲಾಮಿನ ಘಾಟು ಪಕ್ಕದ ಫ್ಲ್ಯಾಟಿಗೂ ಹೋಯಿತು. “ಜನ ನಗಾಡಿದ್ರೆ ನಾನು ತಲೆ ಎತ್ತಿ ನಡೆಯುದು ಹೇಗೆ?” ಎಂದು ಹೆಂಡತಿ ದಮಯಂತಿ ಅತ್ತಳು. ಆಮೇಲೆ ತನ್ನ ಮದುವೆಯ ಜರಿ ರವಕೆಯನ್ನೇ ಬಿಚ್ಚಿ ಅವನ ಬಲಗೈಗೆ ಗವಸು ಹೊಲಿದಳು.

“ಹೋದ ವರ್ಷ ಮಶೀನು ಟೇಪು ತಿಂದದ್ದು,” ಎಂದ ಹಂಝ. “ಹಾಳಾದ್ದನ್ನು ಒಂದು ಗೇಣು ಕತ್ತರಿಸಿ ಅಂಟಿಸಿದೆ. ಅಸಲಿನಲ್ಲಿ ಅವ ಜಾರಿ ಆದ ಮೇಲೆ ಮೂರು ಸುತ್ತು ತಿರುಗಿ, ಮೆಲ್ಲ ಕೂರುದು. ತಿರುಗುದೆಲ್ಲ ಆ ಗೇಣಿನಲ್ಲೇ ಹೋಯ್ತು. ನಾನು ಮಾಡಿದ ಹದಿನಾಲ್ಕು ಕಾಪಿಯೂ ಅದರದ್ದೇ.”

“ಮೂರು ತಿಂಗಳು ನಿಮ್ಮ ಕಣ್ಣೆದುರೇ ಕೂತೆನಲ್ಲ ಹಂಝಾಕ! ಆಗ ಬಾಯಿಗೆ ಬೀಗ ಹಾಕಿದ್ರಾ?”

“ಹೇಳುವಾ ಅಂತಲೇ ಇದ್ದೆ. ನೀವು ಅಷ್ಟು ಚೆಂದ ಕೂತ್ರಿ. ಮನಸ್ಸು ಬರ್ಲಿಲ್ಲ.”

ಇವತ್ತೂ ಹೇಳುತ್ತಿರಲಿಲ್ಲವೇನೋ. ಆದರೆ ಊರಿನ ಕನ್ನಡ ಸಂಘದ ಈ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಮಸ್ಕತ್ತಿನಿಂದ ಬಂದ ವಿಕ್ಟರ್, ಅಲ್ಲಿಯ ಅಲ್ ಖುವೈರ್ ಬಡಾವಣೆಯ ದೊಡ್ಡ ಆಫೀಸಿನ ಮ್ಯಾನೇಜರು, ಅಸಲಿ ಕ್ಯಾಸೆಟ್ಟನ್ನು ಜೊತೆಗೇ ತಂದಿದ್ದ. ಹಂಝನದ್ದು ಗರಗರ ಎನ್ನುತ್ತದೆಂದು ಸಂಘದವರು ವಿಕ್ಟರನದ್ದನ್ನೇ ಹಾಕಲು ಹೊರಟಿದ್ದರು. ಅದರ ಹಾಡಿಗೆ ದೇಜಪ್ಪ ದುಪ್ಪೆಂದು ಕೂತರೆ, ಅವನನ್ನು ಎಬ್ಬಿಸುವ ಡ್ರಮ್ಮಿನ ಪೆಟ್ಟು ಬೀಳುವುದು ಏಳು ಸೆಕೆಂಡು ಕಳೆದ ಮೇಲೆ.

“ಏಳು ಸೆಕೆಂಡು ನಾನು ಎಂಥ ಮಾಡುದು? ಸ್ಟೇಜಿನಲ್ಲಿ ಕೂತು ಬೀಡಿ ಕಟ್ಟುದಾ?”

“ತಿರುಗಿ. ಮೂರೇ ಸುತ್ತು.”

“ಈ ಸೊಂಟದಲ್ಲಿ?”

ಹೊರಗೆ ಅವನ ಹೆಸರು ಕರೆದರು. ದೇಜಪ್ಪ ಗವಸು ಏರಿಸಿಕೊಂಡ. ದಮಯಂತಿ ಅವನ ಟೋಪಿ ಸರಿಮಾಡಿದಳು. “ಇನ್ನು ನೆಲ ಡೊಂಕು ಅಂತ ಮಾತ್ರ ಹೇಳ್ಬೇಡಿ. ಯಲ್ಲಾ, ಹೋಗಿ.”

ಮೊದಲ ಸಲ ಜಾರಿದ್ದಕ್ಕೇ ಆ ಶಾಲೆಯ ಸಭಾಂಗಣದ ಚಾವಣಿ ಕಿತ್ತುಹೋಗುವಷ್ಟು ಶಿಳ್ಳೆ! ಟಯರ್ ಗೋಡೌನಿನ ದೇಜಪ್ಪನೇ ಹೌದೋ ಅಲ್ಲವೋ ಎಂದು ಮುಂದಿನ ಸಾಲಿನವರು ಎದ್ದುನಿಂತರು. ಎರಡನೇ ಸಲಕ್ಕೆ ಮಕ್ಕಳು ತಾವೂ ಕುಣಿಯಲು ಕುರ್ಚಿಗಳ ನಡುವಿನ ದಾರಿಗೆ ಇಳಿದರು. ಮೂರನೇ ಸಲಕ್ಕೆ ಅಪ್ಪಂದಿರೂ ಇಳಿದರು. ಜರಿ ಗವಸು ಫಳಫಳ ಹೊಳೆಯುತ್ತಿತ್ತು. ದೇಜಪ್ಪನಿಗೆ ಖುಷಿಯಲ್ಲಿ ಹೆದರಿಕೆಯೇ ಮರೆತುಹೋಯಿತು. ನಾಲ್ಕನೇ ಸಲ ಜಾರಿದ ಮೇಲೆ ತಿರುಗಬೇಕೆಂದು ತಲೆ ಹೇಳಿತು. ಮೂರು ತಿಂಗಳ ರೂಢಿ ಬಿಟ್ಟೀತೇ? ದುಪ್!

ಆದರೆ ಸದ್ದು ಒಬ್ಬನದ್ದಾಗಿರಲಿಲ್ಲ. ಇಡೀ ಸಭಾಂಗಣದ ನೆಲ ಅದುರಿತು. ದೇಜಪ್ಪ ಕಣ್ಣು ಬಿಟ್ಟು ನೋಡಿದ. ಮಕ್ಕಳು ನೆಲದಲ್ಲಿ, ಅಪ್ಪಂದಿರು ನೆಲದಲ್ಲಿ, ಆಸ್ಪತ್ರೆಯ ನರ್ಸುಗಳು ನೆಲದಲ್ಲಿ, ಎಪ್ಪತ್ತು ದಾಟಿದ ಖದೀಜಮ್ಮ ಮೊಮ್ಮಗಳ ಕೈಹಿಡಿದು ನೆಲದಲ್ಲಿ. ಹಂಝನ ಹದಿನಾಲ್ಕು ಕಾಪಿ ಕೈಯಿಂದ ಕೈಗೆ ದಾಟಿ ಬುರೈಮಿಯ ಒಂದು ಮನೆಯನ್ನೂ ಬಿಟ್ಟಿರಲಿಲ್ಲ; ಎಲ್ಲರಿಗೂ ಅದೇ ದುಪ್ ರೂಢಿ. ಹಾಡು ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಊರಿಗೆ ಊರೇ ಕೂತು ಪರಸ್ಪರ ಮುಖ ನೋಡಿಕೊಂಡಿತು. ಯಾರೋ ಕಿಸಕ್ಕೆಂದರು. ಅಷ್ಟೇ, ಎಲ್ಲರಿಗೂ ನಗು ಒತ್ತರಿಸಿ ಬಂತು. ದೇಜಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ, ಪರದೆಯ ಮರೆಯಲ್ಲಿ ದಮಯಂತಿ ಸೆರಗು ಕಚ್ಚಿ ನಕ್ಕಳು. ಅಷ್ಟರಲ್ಲಿ ಡ್ರಮ್ಮಿನ ಪೆಟ್ಟು ಬಿತ್ತು. ಎಲ್ಲರೂ ಒಟ್ಟಿಗೆ ಎದ್ದರು. ಚಪ್ಪಾಳೆ ನಿಲ್ಲಲೇ ಇಲ್ಲ.

ಅಷ್ಟು ಹೊತ್ತೂ ಸಭಾಂಗಣದಲ್ಲಿ ನಿಂತೇ ಇದ್ದವನು ವಿಕ್ಟರ್ ಒಬ್ಬನೇ. ಅವನು ವೇದಿಕೆಯ ಹಿಂದೆ ಬಂದು ದೇಜಪ್ಪನ ಕೈಕುಲುಕಿದ.

“ಫಸ್ಟ್ ಕ್ಲಾಸ್, ದೇಜಪ್ಪ. ಆದ್ರೆ ಒಂದು ಮಾತು. ಅವನು ಅಲ್ಲಿ ಹಾಗೆ ಕೂರುದಿಲ್ಲ.”

ದೇಜಪ್ಪ ಜರಿ ಗವಸಿನಿಂದ ಬೆವರು ಒರೆಸಿಕೊಂಡ.

“ಪಾಪ, ಅವನಿಗೆ ನಮ್ಮ ಹಂಝಾಕನ ಕ್ಯಾಸೆಟ್ಟು ಸಿಕ್ಕಿರ್ಲಿಕ್ಕಿಲ್ಲ.”